ವಾರಗಿತ್ತಿಯ ಸ್ಟೇಷನ್

ಹೊಳೆನರಸೀಪುರದ ಆಚೆಗಿದ್ದ ಒಂದು ಪುಟ್ಟ ಸ್ಟೇಷನ್ನಿನಲ್ಲಿ ಅಪ್ಪನಿಗೆ ಕೆಲಸ. ರೈಲು ಬರುವಾಗ ಹಳಿ ಬದಲಿಸುವುದು, ಬಾವುಟ ತೋರಿಸುವುದು. ನಾನು ಬೆಳೆದದ್ದು ಪ್ಲಾಟ್‌ಫಾರ್ಮಿಗೆ ಅಂಟಿಕೊಂಡಿದ್ದ ಒಂದೇ ಕೋಣೆಯ ಕ್ವಾರ್ಟರ್ಸಿನಲ್ಲಿ. ಮದುವೆಯಾಗಿ ಬಂದದ್ದೂ ಅದೇ ಊರಿನ ಬೇಸಾಯಗಾರರ ಮನೆಗೆ. ಹಳೆಯ ಹಳಿ ಕಿತ್ತು ಅಗಲದ ಹಳಿ ಹಾಕಿದಾಗ ರೈಲಿನ ದಾರಿ ಊರಿನಿಂದ ದೂರ ಸರಿಯಿತು, ಸ್ಟೇಷನ್ ಪಾಳು ಬಿತ್ತು. ಟಿಕೆಟ್ ಕೊಡುವ ಕೋಣೆಯಲ್ಲಿ ಮೇಕೆಗಳು ಮಲಗುತ್ತಿದ್ದವು. ಇಷ್ಟು ಗಟ್ಟಿ ಕಟ್ಟಡ ಊರಿನ ಉಪಯೋಗಕ್ಕೆ ಬರಬಾರದೇ ಎಂದು ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದೆ. ಹೇಳಿದ್ದಷ್ಟೇ, ಒಂದು ಮುಳ್ಳುಗಿಡವನ್ನೂ ಕೀಳಲಿಲ್ಲ.

ಕಿತ್ತವಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಹಿರೀಸಾವೆ ಕಡೆಯವಳು, ನಮ್ಮ ಸ್ಟೇಷನ್ನಿನಲ್ಲಿ ರೈಲು ನಿಂತದ್ದನ್ನು ಕಣ್ಣಲ್ಲೂ ಕಂಡವಳಲ್ಲ. ಹೆಂಗಸರ ಸಂಘ ಕಟ್ಟಿಕೊಂಡು, ಕಚೇರಿಯಿಂದ ಕಚೇರಿಗೆ ಅಲೆದು ಒಪ್ಪಿಗೆ ತಂದಳು. ಸುಣ್ಣ ಬಳಿಸಿದಳು. ಪ್ರಯಾಣಿಕರು ಕಾಯುತ್ತಿದ್ದ ಹಜಾರಕ್ಕೆ ಹೊಲಿಗೆ ಯಂತ್ರಗಳು ಬಂದವು, ಟಿಕೆಟ್ ಕೋಣೆಗೆ ಪುಸ್ತಕದ ಕಪಾಟು ಬಂತು. ಸಂಜೆ ಮಕ್ಕಳಿಗೆ ಪಾಠ. ಊರವರು "ನಿನ್ ವಾರಗಿತ್ತಿ ಸ್ಟೇಷನ್ನು" ಎಂದು ನನ್ನ ಮುಖಕ್ಕೇ ಹೇಳುವಾಗ ನಾನು ಮಾತನ್ನು ಬೇರೆ ಕಡೆ ತಿರುಗಿಸುತ್ತಿದ್ದೆ. ಉದ್ಘಾಟನೆಯ ದಿನ ತಲೆನೋವೆಂದು ಮಲಗಿಬಿಟ್ಟೆ. ಮೈಕಿನಲ್ಲಿ ಅವಳ ದನಿ ಮನೆಯೊಳಕ್ಕೂ ಬಂತು. ಅಪ್ಪನ ಕೆಲಸದ ಮಾತೇ ಅದರಲ್ಲಿರಲಿಲ್ಲ.

ಒಂದು ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಅವಳ ಗುಣಗಾನ ನಡೆಯುತ್ತಿತ್ತು. ನನ್ನ ಬಾಯಿ ತಡೆಯಲಿಲ್ಲ. "ಮುಸ್ಸಂಜೆ ಅಲ್ಲಿಗೆ ಮಕ್ಳ ಕಳುಸ್ತೀರಲ್ಲ! ಬಸುರಿ ಎಂಗ್ಸು ರೈಲಿಗೆ ಬಿದ್ದು ಸತ್ತ ಜಾಗ ಕಣ್ರವ್ವಾ ಅದು" ಎಂದುಬಿಟ್ಟೆ. ಶುದ್ಧ ಸುಳ್ಳು. ಆದರೆ ಸ್ಟೇಷನ್ನಿನಲ್ಲೇ ಬೆಳೆದವಳು ಹೇಳಿದ ಮಾತು, ಯಾರು ಅನುಮಾನಿಸುತ್ತಾರೆ? ವಾರದೊಳಗೆ ಸಂಜೆಯ ಪಾಠಕ್ಕೆ ಮಕ್ಕಳು ಬರುವುದು ನಿಂತಿತು. ನನಗೆ ಹಿತವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಅವಳೇ ಮನೆಗೆ ಬಂದಳು. ಜಗಳಕ್ಕೆ ಬಂದಳೆಂದುಕೊಂಡೆ. ಅವಳು ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದಳು.

"ಅಕ್ಕಾ, ಆ ಎಂಗ್ಸಿನ್ ವಿಚಾರ ದಿಟ್ವಾ? ನಿಮ್ಮಪ್ಪಾರು ಅಲ್ಲೇ ಇದ್ರು, ನಿಂಗೇ ಗೊತ್ತಿರ್ತದೆ. ದಿಟ ಆಗಿದ್ರೆ ಬೀಗ ಆಕ್ಬುಡ್ತೀನಿ. ಮಕ್ಳಿಗೆ ಏನಾರ ಆದ್ರೆ ನಾನ್ ತಡ್ಕೊಳಾಕಿಲ್ಲ."

ಅವಳು ನಂಬಿದ್ದಳು. ಬೈದಿದ್ದರೆ ನಾನೂ ಬೈದು ಸಾಧಿಸುತ್ತಿದ್ದೆ.

"ಸುಳ್ಳು ಕಣವ್ವ," ಎಂದೆ. "ನಾನೇ ಕಟ್ಟಿ ಏಳ್ದೆ."

"ಯಾಕಕ್ಕಾ?"

"ನಾನ್ ಮಾಡ್ಬೇಕಾಗಿದ್ದ ನೀನು ಮಾಡ್ದೆ ಅಂತ."

ನಾನಿಟ್ಟ ಕಾಫಿ ಮುಟ್ಟದೆ ಅವಳು ಎದ್ದು ಹೋದಳು.

ಮರುದಿನ ಡೈರಿಯಲ್ಲಿ ಎಲ್ಲರ ಮುಂದೆ ತಪ್ಪೊಪ್ಪಿಕೊಂಡೆ. ಕೆಲವರು ನಕ್ಕರು, ಒಬ್ಬಾಕೆ ನೆಲಕ್ಕೆ ಉಗಿದಳು. ಮಕ್ಕಳು ಒಬ್ಬೊಬ್ಬರಾಗಿ ಪಾಠಕ್ಕೆ ಮರಳಿದರು.

ಈಗ ನಾನೂ ಮಧ್ಯಾಹ್ನ ಅಲ್ಲಿಗೆ ಹೋಗಿ ರವಿಕೆ ಹೊಲಿಯುತ್ತೇನೆ. ಹಾಸನದಿಂದ, ಅರಕಲಗೂಡಿನಿಂದ ನೋಡಲು ಬಂದವರು ಅವಳನ್ನು ನಿಲ್ಲಿಸಿ ಫೋಟೋ ತೆಗೆಯುವಾಗ ಇಂದಿಗೂ ಕಣ್ಣು ಉರಿಯುತ್ತದೆ. ಅವಳು ನನ್ನನ್ನು ಅಕ್ಕ ಎಂದೇ ಕರೆಯುತ್ತಾಳೆ. ಆದರೆ ಆ ಮಧ್ಯಾಹ್ನದ ಮೇಲೆ, ಯಾವ ವಿಷಯವೂ ದಿಟವೇ ಎಂದು ನನ್ನನ್ನು ಕೇಳಿಲ್ಲ.