ಕೆಂಪು ಪೆನ್ನಿನ ಸಮೀಕ್ಷೆ

ಸ್ವಯಂಸೇವಾ ಸಂಸ್ಥೆಗಳನ್ನು ಹೇಗೆ ನಡೆಸಬೇಕು ಎನ್ನುವ ವಿಷಯದಲ್ಲಿ ನಾನು ಸ್ನಾತಕೋತ್ತರ ಪದವೀಧರೆ. ಓದುವಾಗ ಇದನ್ನು ಹೇಳಿದರೆ ಸೇಡಂನ ನಮ್ಮ ಓಣಿಯವರು ಮೊದಲು ನನ್ನ ಮುಖ ನೋಡುತ್ತಿದ್ದರು, ಆಮೇಲೆ ಅವ್ವನ ಮುಖ. "ಮಂದಿಗಿ ಉಪಕಾರ ಮಾಡ್ಲಿಕ್ಕೂ ಎರಡು ವರ್ಷ ಓದಬೇಕೇನವ್ವಾ?" ಎಂದು ಪಕ್ಕದ ಮನೆಯ ಕಾಕು ಒಮ್ಮೆ ಕೇಳಿಯೇಬಿಟ್ಟಳು. ನನಗೆ ಸಿಟ್ಟು ನೆತ್ತಿಗೇರಿತು. ಯೋಜನೆ, ಮೇಲ್ವಿಚಾರಣೆ, ಮೌಲ್ಯಮಾಪನ ಎಂದು ಅರ್ಧ ಗಂಟೆ ಭಾಷಣ ಬಿಗಿದೆ. ಅವಳು ಪುಂಡಿಪಲ್ಯದ ಸೊಪ್ಪು ಸೋಸುತ್ತ ಎಲ್ಲ ಕೇಳಿಸಿಕೊಂಡು, "ಓದು, ಓದು" ಎಂದು ಎದ್ದು ಹೋದಳು. ಆ ಭಾಷಣ ನೆನೆದರೆ ಈಗ ನನಗೇ ನಾಚಿಕೆಯಾಗುತ್ತದೆ.

ಎರಡನೆಯ ವರ್ಷ ಒಂದು ಸಂಸ್ಥೆಯ ಕೆಲಸವನ್ನು ಅಳೆದು ಪ್ರಬಂಧ ಬರೆಯಬೇಕಿತ್ತು. ನನಗೆ ಸಿಕ್ಕಿದ್ದು ರಾವೂರ ಕಡೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಗಳ ಪಕ್ಕದಲ್ಲಿದ್ದ ಒಂದು ಶಿಶುಪಾಲನಾ ಕೇಂದ್ರ. ಖಣಿಯಲ್ಲಿ ದುಡಿಯುವ ಹೆಂಗಸರು ಬೆಳಿಗ್ಗೆ ಕೂಸುಗಳನ್ನು ಅಲ್ಲಿ ಬಿಟ್ಟು ಸಂಜೆ ಕರೆದೊಯ್ಯುತ್ತಿದ್ದರು. ಒಂದು ಕೋಣೆ, ಹಾಸಿ ಹೊದೆಯಲು ಒಂದಿಷ್ಟು ಕೌದಿ, ಮಧ್ಯಾಹ್ನಕ್ಕೆ ಅನ್ನ-ಬೇಳೆ, ನೋಡಿಕೊಳ್ಳಲು ಅದೇ ಊರಿನ ಒಬ್ಬ ಅಕ್ಕ. ಅಷ್ಟೇ. ಆದರೆ ಆ ಕೋಣೆ ಇಲ್ಲದಿದ್ದರೆ ಆ ಕೂಸುಗಳ ಪಾಲಿಗೆ ಇದ್ದದ್ದು ಬಿಸಿಲು, ಧೂಳು ಮತ್ತು ಖಣಿಯ ಅಂಚು.

ಸೇಡಂನಿಂದ ರೈಲಿನಲ್ಲಿ ಚಿತ್ತಾಪುರ ದಾಟಿ ವಾಡಿಯಲ್ಲಿ ಇಳಿದು, ಟಂಟಂ ಆಟೊ ಹಿಡಿದು ಹೋಗುತ್ತಿದ್ದೆ. ಸಮೀಕ್ಷೆಯ ದಿನ ತಾಯಂದಿರೆಲ್ಲ, ಜೊತೆಗೆ ಆ ಅಕ್ಕನೂ, ಕೇಂದ್ರದ ಅಂಗಳದಲ್ಲಿ ಸುತ್ತ ಕುಳಿತಿದ್ದರು. ಪ್ರಬಂಧ ಎಂದರೇನು ಎಂದು ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ. "ಇದು ನನ್ನ ಪರೀಕ್ಷಾ ಅದ, ನೀವೆಲ್ಲಾ ಸಹಾಯ ಮಾಡಬೇಕು" ಎಂದುಬಿಟ್ಟೆ. ಅಚ್ಚಾದ ಫಾರಮ್ಮಿನ ಮೇಲೆ ಎದ್ದು ಕಾಣಲಿ ಎಂದು ಕೆಂಪು ಪೆನ್ನು ತಂದಿದ್ದೆ. ಹೌದು ಅಂದರೆ ರೈಟ್ ಗುರುತು, ಇಲ್ಲ ಅಂದರೆ ರಾಂಗ್ ಗುರುತು. ಬೇಗ ಮುಗಿಯಲಿ ಎಂದು ನಮ್ಮ ಮಾರ್ಗದರ್ಶಕ ಸರ್ ಹೇಳಿಕೊಟ್ಟ ವಿಧಾನ ಅದು.

ಮೊದಲು ಕುಳಿತವಳು ಇನ್ನೂ ಎಳೆಯ ವಯಸ್ಸಿನ ತಾಯಿ. ಆಗತಾನೇ ಗೋಡೆ ಹಿಡಿದು ನಿಲ್ಲಲು ಕಲಿತಿದ್ದ ಮಗಳು ಅವಳ ಸೆರಗು ಎಳೆಯುತ್ತಿದ್ದಳು. ಈ ಕೇಂದ್ರ ಇಲ್ಲದಿದ್ದರೆ ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದೆ.

"ಯಾರೂ ಇಲ್ರಿ ಅಕ್ಕೋರ. ಖಣಿಗೇ ಕರಕೊಂಡು ಹೋಗಬೇಕಾಗ್ತದ."

ರಾಂಗ್ ಎಳೆದೆ. ಅವಳ ಬೆನ್ನ ಹಿಂದಿನಿಂದ ನಾಲ್ಕಾರು ತಲೆಗಳು ಬಗ್ಗಿ ಕಾಗದ ನೋಡಿದವು. ಅವರವರಲ್ಲೇ ಏನೋ ಗುಸುಗುಸು ನಡೆಯಿತು. ಮುಂದಿನವಳು, "ಅತ್ತಿ ಅದಾಳ್ರಿ" ಅಂದಳು. ಅದರ ಮುಂದಿನವಳು, "ನಾದಿನಿ ನೋಡ್ಕೋತಾಳ್ರಿ" ಅಂದಳು. ಇನ್ನೊಬ್ಬಳ ತಂಗಿ ಚಿಂಚೋಳಿಯಿಂದ ಬಂದು ಇರುತ್ತಾಳಂತೆ. ಕೊನೆಯವರೆಗೂ ರೈಟ್, ರೈಟ್, ರೈಟ್.

ಅವರಲ್ಲಿ ಹೆಚ್ಚಿನವರು ಬೇರೆ ಊರುಗಳಿಂದ ಬಂದು ತಗಡಿನ ಶೆಡ್ಡುಗಳಲ್ಲಿ ಇದ್ದವರು. ಆ ಶೆಡ್ಡಿಗೆ ಅತ್ತೆ ಎಲ್ಲಿಂದ ಬಂದಳು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಉತ್ತರ ಕೊಡುವವರ ಬಾಯಿಗೆ ನಮ್ಮ ಮಾತು ತುರುಕಬಾರದು ಎಂದು ಸರ್ ಕಲಿಸಿದ್ದರು, ನಾನು ಶಿಸ್ತಿನ ವಿದ್ಯಾರ್ಥಿನಿ. ನಿಜ ಹೇಳಬೇಕೆಂದರೆ, ಉಳಿದವರೆಲ್ಲರ ಉತ್ತರವೂ ಒಂದೇ ಥರ ಬಂದದ್ದರಿಂದ ನನಗೆ ಖುಷಿಯೇ ಆಗಿತ್ತು. ಬರೆಯುವುದು ಸಲೀಸು. ಬಹುತೇಕ ಕುಟುಂಬಗಳಲ್ಲಿ ಆರೈಕೆಗೆ ಬೇರೆ ವ್ಯವಸ್ಥೆ ಇದೆ ಎಂದು ಕೊನೆಯ ಅಧ್ಯಾಯದಲ್ಲಿ ಬರೆದೆ. ಪ್ರಬಂಧಕ್ಕೆ ರೆಕ್ಸಿನ್ ಹೊದಿಕೆ ಹಾಕಿಸಿ, ಮರ್ಯಾದೆಗೆಂದು ಸಂಸ್ಥೆಗೂ ಒಂದು ಪ್ರತಿ ಕೊಟ್ಟೆ.

ಪದವಿ ಬಂತು. ಅದೇ ಸಂಸ್ಥೆ ನನಗೆ ಶಹಾಬಾದಿನ ಕಚೇರಿಯಲ್ಲಿ ಕೆಲಸವನ್ನೂ ಕೊಟ್ಟಿತು. ಕೆಲವು ತಿಂಗಳಿಗೆ, ಒಂದು ಕೇಂದ್ರ ಕಡಿಮೆ ಮಾಡಿ ಎಂದು ಮೇಲಿನಿಂದ ಸೂಚನೆ ಬಂದಾಗ, ಯಾವುದು ಎಂದು ಯಾರೂ ಹುಡುಕಬೇಕಾಗಲಿಲ್ಲ. ನನ್ನ ಪ್ರಬಂಧ ಕಪಾಟಿನಲ್ಲೇ ಇತ್ತು. ತಾಯಂದಿರಿಗೆ ಪರಿಚಯದವಳು ಎಂದು, ಕೇಂದ್ರ ಮುಚ್ಚುವ ಸುದ್ದಿ ಮುಟ್ಟಿಸಲು ನನ್ನನ್ನೇ ಕಳಿಸಿದರು.

ನಾನು ಹೋದಾಗ ಕೇಂದ್ರದ ಅಕ್ಕ ಕೌದಿಗಳನ್ನು ಒಣಹಾಕುತ್ತಿದ್ದಳು. ಹೇಳಿದೆ. ಕೈಯಲ್ಲಿದ್ದ ಕೌದಿ ಹಾಗೇ ಹಿಡಿದು ನಿಂತಳು. ಅವಳ ಕಣ್ಣಲ್ಲಿ ನೀರು ನೋಡಿ, ತಪ್ಪು ಅವಳದೇ ಎನ್ನುವಂತೆ ಅವಳ ಮೇಲೇ ಹರಿಹಾಯ್ದೆ. "ಎಲ್ಲಾರೂ ಮನ್ಯಾಗ ಮಂದಿ ಅದಾರ ಅಂದ್ರಲ್ಲ? ಈಗ್ಯಾಕ ಅಳಾಕತ್ತೀರಿ?"

"ಮಂದಿ ಎಲ್ಲಿ ಅದಾರ್ರಿ ಅಕ್ಕೋರ? ನೀವು ಪರೀಕ್ಷಾ ಅಂದ್ರಿ. ಮೊದಲ ಆಕಿ ಇಲ್ಲ ಅಂದಕೂಡ್ಲೆ ಕೆಂಪು ಪೆನ್ನಿಲೆ ರಾಂಗ್ ಹಾಕಿದ್ರಿ. ನಾನ ಎಲ್ಲಾರಿಗೂ ಹೇಳಿದೆ, ಹೌದು ಅನ್ರೇ, ಆ ಹುಡುಗಿ ಸೇಡಂದಿಂದ ರೈಲ್ದಾಗ ನಿಂತು ಬರ್ತಾಳ, ನಮ್ಮಿಂದ ಫೇಲ್ ಆಗಬಾರ್ದು ಅಂತ."

ನನ್ನ ಮೇಲೆ ನನಗೇ ಹೇಸಿಗೆ ಬಂತು. ಮಾರನೆಯ ದಿನ ನಡೆದದ್ದನ್ನೆಲ್ಲ ಪತ್ರದಲ್ಲಿ ಬರೆದು ಕಚೇರಿಗೆ ಕೊಟ್ಟೆ. ಮೇಲಧಿಕಾರಿ ಓದಿ, ಒಂಚೂರು ನಕ್ಕು, "ಬಿಡ್ರಿ ಮೇಡಂ, ಆಗಿದ್ದು ಆಗಿಹೋತು. ಆ ಕೇಂದ್ರದ ರೊಕ್ಕ ಬ್ಯಾರೆ ಜಿಲ್ಲಾಕ ಹೋಗ್ಯದ" ಅಂದರು. ಮತ್ತೊಮ್ಮೆ ಸಮೀಕ್ಷೆ ಮಾಡುತ್ತೇನೆ ಅಂದೆ. "ಯಾರ ಸಲುವಾಗಿ ಮಾಡ್ತೀರಿ?" ಅಂದರು. ಮಾರ್ಗದರ್ಶಕ ಸರ್‌ಗೆ ಫೋನ್ ಮಾಡಿದರೆ, ಪದವಿ ಬಂದಾಗಿದೆ, ಈಗೇಕೆ ಕೆದಕುತ್ತೀರಿ ಎಂದು ಕೇಳಿದರು. ರಾಜೀನಾಮೆ ಬಿಸಾಕಿ ಬರಬಹುದಿತ್ತು. ಬರಲಿಲ್ಲ. ಕೆಲಸ ಬೇಕಾಗಿತ್ತು. ಇವತ್ತಿಗೂ ಇಂಥದೇ ಕೆಲಸದಲ್ಲಿದ್ದೇನೆ, ಊರೂರು ತಿರುಗಿ ಪ್ರಶ್ನೆ ಕೇಳುತ್ತೇನೆ, ಬಂದ ಉತ್ತರದಲ್ಲಿ ಒಂದನ್ನೂ ನಂಬುವುದಿಲ್ಲ, ಆದರೂ ಬರೆದು ಕಳಿಸುತ್ತೇನೆ.

ಆಗ, ಕೇಂದ್ರ ಮುಚ್ಚಿದ ಮೇಲೆ, ಅಲ್ಲಿ ಉಳಿದ ತಟ್ಟೆ, ಲೋಟ ತರಲು ಇನ್ನೊಮ್ಮೆ ಹೋಗಬೇಕಾಯಿತು. ಬೀಗ ಹಾಕಿ ಹೊರಟಾಗ ಖಣಿಯ ಅಂಚಿನಲ್ಲಿ, ಸಮೀಕ್ಷೆಗೆ ಮೊದಲು ಕುಳಿತಿದ್ದವಳ ಹೆಣ್ಣುಮಗು ಕಂಡಿತು. ಸೊಂಟಕ್ಕೆ ಹಳೆಯ ಸೀರೆಯ ಒಂದು ತುದಿ ಕಟ್ಟಿ, ಇನ್ನೊಂದು ತುದಿಯನ್ನು ಪೇರಿಸಿಟ್ಟ ಕಲ್ಲಿಗೆ ಬಿಗಿದಿದ್ದರು. ಮಗು ಆ ಸೀರೆ ಜಗ್ಗುವಷ್ಟು ದೂರ ನಡೆಯುವುದು, ಹಿಂದೆ ಬರುವುದು ಮಾಡುತ್ತಿತ್ತು. ಮೈಯೆಲ್ಲ ಬಿಳಿ ಧೂಳು.

ಅದರ ತಾಯಿ ನನ್ನನ್ನು ನೋಡಿ ಮೇಲೆ ಹತ್ತಿ ಬಂದಳು. ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ. ಅವಳು ಕೈಯ ಧೂಳನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಬಲು ಸಂಕೋಚದಿಂದ ಹೇಳಿದಳು:

"ಸಿಟ್ಟಾಗಬ್ಯಾಡ್ರಿ ಅಕ್ಕೋರ. ಅವತ್ತ ನನಗ ತಿಳೀಲಿಲ್ಲ, ಯಾರೂ ಇಲ್ಲ ಅಂದಬಿಟ್ಟೆ. ನನ್ನಿಂದ ನಿಮಗ ಒಂದ ರಾಂಗ್ ಬಿತ್ತು. ಮಾರ್ಕ್ಸ್ ಭಾಳ ಕಮ್ಮಿ ಬಂದವೇನ್ರಿ?"

"ಇಲ್ಲವ್ವಾ," ಅಂದೆ. "ಫಸ್ಟ್ ಕ್ಲಾಸ್ ಬಂತು."

ಅವಳ ಮುಖ ಅರಳಿತು. ಖಣಿಯೊಳಗೆ ಬಗ್ಗಿ, "ಏ, ಅಕ್ಕೋರು ಪಾಸ್ ಆಗ್ಯಾರಂತ!" ಎಂದು ಕೂಗಿದಳು. ಕೆಳಗೆ ಕಲ್ಲು ಹೊರುತ್ತಿದ್ದ ಹೆಂಗಸರು ನಿಂತು, ತಲೆ ಎತ್ತಿ, ನನ್ನನ್ನು ನೋಡಿ ನಕ್ಕರು.