ಲೋಬಾನದ ಸಾಬರು ಕೂರಲಿಲ್ಲ

ಭದ್ರಾವತಿಯ ದಸ್ತಗೀರ್ ಸಾಬರಿಗೆ ಕೋಪವೇ ಬರುವುದಿಲ್ಲ ಅಂತ ಬೀದಿಯವರೆಲ್ಲ ಹೇಳುತ್ತಾರೆ. ಹೆಂಡತಿ ಹಾಜರಾ ಒಪ್ಪುವುದಿಲ್ಲ. ಕೋಪ ಬಂದವರು ನಾಲ್ಕು ಮಾತು ಬೈದು ಊಟಕ್ಕೆ ಬರುತ್ತಾರೆ, ಈ ಮನುಷ್ಯ ಬೈಯುವುದೂ ಇಲ್ಲ, ಊಟಕ್ಕೆ ಬರುವುದೂ ಇಲ್ಲ ಅನ್ನುವುದು ಆಕೆಯ ತಕರಾರು.

ಸಾಬರು ಮೂವತ್ತು ವರ್ಷ ಕಾರ್ಖಾನೆಯ ಎರಕದ ವಿಭಾಗದಲ್ಲಿ ಮರಳಿನ ಅಚ್ಚು ಕಟ್ಟಿದವರು. ತಮಿಳು, ತೆಲುಗು ಎರಡೂ ಭಾಷೆಯ ಬೈಗುಳ ಅಲ್ಲೇ ಕಲಿತರು, ಒಂದನ್ನೂ ಬಳಸಲಿಲ್ಲ. ಒಮ್ಮೆ ಗುತ್ತಿಗೆ ಕೂಲಿಯವನೊಬ್ಬನ ಕಾಲಿನ ಮೇಲೆ ಕಾದ ಕಬ್ಬಿಣ ಚೆಲ್ಲಿತು. ಅವನು ಆವತ್ತು ರಜದಲ್ಲಿದ್ದ ಅಂತ ಕಂಟ್ರಾಕ್ಟರು ಬರೆಸಿದ. ನನ್ನ ಪಕ್ಕದಲ್ಲೇ ನಿಂತಿದ್ದ ಅಂತ ಸಾಬರೊಬ್ಬರೇ ಸಾಕ್ಷಿ ಹೇಳಿದರು. ಬಡ್ತಿ ಆರು ವರ್ಷ ತಡವಾಯಿತು. ಆ ಬಿಡುವಿನಲ್ಲೇ ಊರಾಚೆಯ ದರ್ಗಾದ ಮುದುಕ ಫಕೀರರೊಬ್ಬರ ಕೈ ಹಿಡಿದು ಶಿಷ್ಯರಾದರು. ಗುರು ಹೆಚ್ಚೇನೂ ಕಲಿಸಲಿಲ್ಲವಂತೆ. ಯಾರಾದರೂ ನೋವಿನಲ್ಲಿ ಬಿದ್ದಿದ್ದರೆ ಅವರನ್ನು ದಾಟಿಕೊಂಡು ನಮಾಜಿಗೆ ಹೋಗಬೇಡ ಅಂದರಂತೆ, ಅಷ್ಟೇ. ದೇವರನ್ನು ಹುಡುಕಲು ಹೋದವರು ಬರುವಾಗ ಒಂದು ಕಟ್ಟು ಸೊಪ್ಪು ತರಬಾರದು ಅಂತ ಯಾವ ಪೀರ್ ಹೇಳಿದ್ದಾರೆ ಅಂತ ಹಾಜರಾ ಕೇಳುತ್ತಲೇ ಇದ್ದಳು.

ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಪ್ರತಿ ಗುರುವಾರ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬರುವುದು ಶುರುವಾಯಿತು. ಒಂದು ಕೈಯಲ್ಲಿ ಕೆಂಡದ ಧೂಪದಾನಿ, ಇನ್ನೊಂದರಲ್ಲಿ ನವಿಲುಗರಿ. ಗಾಂಧಿ ಬಜಾರಿನ ಅಂಗಡಿಗಳಿಗೆಲ್ಲ ಲೋಬಾನದ ಹೊಗೆ ಹಿಡಿದು, ಬಂದವರ ತಲೆ ಸವರಿ ಹೋಗುವುದು. ಹಣೆ ತುಂಬ ವಿಭೂತಿ ಬಳಿದ ಸಾಹುಕಾರರೂ ಗಲ್ಲಾಪೆಟ್ಟಿಗೆ ತೆರೆದಿಟ್ಟು ಹೊಗೆ ಕೂರಿಸಿಕೊಳ್ಳುತ್ತಾರೆ. ಇದನ್ನು ಯಾರೂ ಸೌಹಾರ್ದ ಅಂತ ಕರೆಯಲಿಲ್ಲ. ಗುರುವಾರ ಅಂತ ಕರೆದರು.

ಕೊನೆಯ ಅಂಗಡಿ ರೇಣುಕಾಪ್ರಸಾದರ ಸೀರೆ ಅಂಗಡಿ. ಅಲ್ಲಿ ಸಾಬರಿಗೆ ಅಂತಲೇ ಮೆತ್ತೆಯ ಕುರ್ಚಿ, ಒಂದು ಲೋಟ ಚಹಾ. ಹತ್ತೊಂಬತ್ತು ವರ್ಷ ಆ ಕುರ್ಚಿಯಲ್ಲಿ ಕೂತು ಚಹಾ ಕುಡಿದರು.

ಈ ವರ್ಷ ಆಷಾಢದ ಮೊದಲ ಗುರುವಾರ ಒಂದು ಕೆಂಡ ಕೆಳಗೆ ಉರುಳಿತು. ಸೀರೆಗೆ ಹತ್ತಿಕೊಂಡೀತು ಅಂತ ಸಾಬರು ಗಾಜಿನ ಕೌಂಟರಿನ ಕೆಳಗೆ ಬಗ್ಗಿದರು. ಎದುರಿಗೆ ಉಚ್ಚಂಗಮ್ಮನ ಕಾಲು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಸೀರೆ ಬಿಚ್ಚಿ ತೋರಿಸುವ ಹೆಂಗಸು. ಕಣಕಾಲಿನವರೆಗೆ ಬ್ಯಾಂಡೇಜು, ಬ್ಯಾಂಡೇಜಿನಾಚೆ ಊದಿಕೊಂಡ ಪಾದ, ಪಾದದ ಕೆಳಗೆ ಮಡಚಿದ ರಟ್ಟಿನ ಪೆಟ್ಟಿಗೆ. ಸಾಬರು ಕೆಂಡ ಎತ್ತಿಕೊಂಡರು, ಬೆರಳು ಸುಟ್ಟಿದ್ದು ಆಮೇಲೆ ಗೊತ್ತಾಯಿತು.

ವಿಚಾರಿಸಿದರೆ ವಿನೋಬನಗರದ ಡಾಕ್ಟರು ಆಗಲೇ ಹೇಳಿಯಾಗಿತ್ತು. ದಿನಕ್ಕೆ ಹನ್ನೊಂದು ಗಂಟೆ ಹೀಗೇ ನಿಂತರೆ ಹುಣ್ಣು ಮಾಯುವುದಿಲ್ಲ, ಕಾಲು ಉಳಿಸುವುದು ಕಷ್ಟ ಅಂತ. ಕೆಲಸ ಬಿಟ್ಟರೆ ಆಕೆಗೆ ಬೇರೆ ಗತಿಯಿಲ್ಲ. ನಡುನಡುವೆ ಕೂರಲೇ ಅಂತ ಸಾಹುಕಾರರನ್ನು ಕೇಳಿದ್ದಳು. ಗಿರಾಕಿ ಎದುರು ಕೂತರೆ ಅಂಗಡಿಯ ಮರ್ಯಾದೆ ಏನಾಗಬೇಕು, ಕೂರುವವರಿಗೆ ಮನೆ ಇದೆಯಲ್ಲ ಅಂದಿದ್ದರು. ಇದೇ ಅಂಗಡಿಯಲ್ಲಿ ಅವರಪ್ಪನ ಕಾಲಕ್ಕೆ ಗಾದಿ ಹಾಸಿ ಎಲ್ಲರೂ ಕೂತೇ ವ್ಯಾಪಾರ ಮಾಡುತ್ತಿದ್ದರು. ಟೈಲ್ಸು ಬಂತು, ಗಾದಿ ಹೋಯಿತು, ಗಾದಿಯ ಜೊತೆ ಕೂರುವುದೂ ಹೋಯಿತು.

ಸಾಬರು ಮಾತಾಡಿ ನೋಡಿದರು. ದೀಪಾವಳಿ ಕಳೀಲಿ ನೋಡೋಣ ಅಂದರು ರೇಣುಕಾಪ್ರಸಾದರು. ದೀಪಾವಳಿಗೆ ಇನ್ನೂ ನಾಲ್ಕು ತಿಂಗಳು. ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಸಾಬರು ಬಂದು ಕುರ್ಚಿಯ ಪಕ್ಕ ನಿಂತರು.

"ರೇಣುಕಣ್ಣ, ಆ ತಾಯಿ ಕೂರೋವರೆಗೆ ನಾನೂ ಕೂರಲ್ಲ" ಅಂದರು.

ರೇಣುಕಾಪ್ರಸಾದರು ಕೆಟ್ಟವರಲ್ಲ, ಭಕ್ತರು. ಅದೇ ತೊಂದರೆಯಾಯಿತು. ಮಾತನ್ನು ಪೂರ್ತಿ ಕೇಳಿಸಿಕೊಳ್ಳದೆ, ಬಾಬಾ ನಮ್ಮ ಅಂಗಡಿಯಲ್ಲಿ ನಿಲ್ಲುವ ಹರಕೆ ಹೊತ್ತಿದ್ದಾರೆ ಅಂತ ಬಜಾರಿಗೆಲ್ಲ ಹೇಳಿಬಂದರು. ಯಾರೋ ವಿಡಿಯೋ ಮಾಡಿ ಬಿಟ್ಟರು. ಹೆಂಗಸರಿಗೆ ಬಸ್ಸು ಫ್ರೀ, ಕೇಳಬೇಕೇ? ಭದ್ರಾವತಿಯಿಂದ, ಹೊಳೆಹೊನ್ನೂರಿನಿಂದ ಜನ ನಿಂತ ಬಾಬಾನನ್ನು ನೋಡಲು ಬಂದರು. ಬಂದವರು ಬರಿಗೈಲಿ ಹೋಗುವುದು ಹೇಗೆ, ಒಂದೊಂದು ಸೀರೆ ಒಯ್ದರು. ಆಷಾಢದಲ್ಲಿ ನೊಣ ಹೊಡೆಯುವ ಅಂಗಡಿ ಗಿಜಿಗಿಜಿ ಅಂತು. ಸಾಹುಕಾರರು ಖುಷಿಯಾಗಿ ಬಾಗಿಲಿಗೆ ಹೂವಿನ ಮಾಲೆ ಕಟ್ಟಿಸಿದರು. ರಾತ್ರಿ ಒಂಬತ್ತಕ್ಕೆ ಮುಚ್ಚುತ್ತಿದ್ದುದನ್ನು ಹತ್ತಕ್ಕೆ ಮಾಡಿದರು, ಭಾನುವಾರದ ರಜೆ ತೆಗೆದರು.

ಐದನೆಯ ದಿನ ಉಚ್ಚಂಗಮ್ಮ ಸೀರೆ ಮಡಚುತ್ತಲೇ ಪಕ್ಕಕ್ಕೆ ಬಂದಳು.

"ಸಾಬ್ರೇ, ನಿಮ್ಮಿಂದ ಉಪಕಾರ ಆಯ್ತು. ಮೊದ್ಲು ಹನ್ನೊಂದು ಗಂಟೆ ನಿಲ್ತಿದ್ದೆ, ಈಗ ಹನ್ನೆರಡು. ದಯವಿಟ್ಟು ಕೂತ್ಕೊಳ್ಳಿ, ನಾನು ಮನೆಗೆ ಹೋಗ್ಬೇಕು."

ಸಾಬರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನ್ಯಾಯ ಕೇಳಲು ಬಂದವರು ಹೋಗಿ ಹೋಗಿ ಅಂಗಡಿಯ ಬೋರ್ಡಾಗಿದ್ದರು. ಅರವತ್ತೆಂಟರ ಮಂಡಿ ಉರಿಯುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಮನಸ್ಸು ಉರಿಯಿತು. ಹಾಗಂತ ಕೂತರೆ ಸೋಲು, ನಿಂತರೆ ಆಕೆಯ ಕಾಲಿಗೆ ಕುತ್ತು.

ಅಷ್ಟರಲ್ಲಿ ಒಬ್ಬಾಕೆ ಮಗಳ ಮದುವೆಗಾಗಿ ದುವಾ ಮಾಡಿ ಅಂತ ಕೈಮುಗಿದಳು. ಸಾಬರು ಖಂಡಿತ ಮಾಡ್ತೀನಿ ಅಂದರು. ಆದರೆ ಆ ಕೌಂಟರಿನ ತಾಯಿ ಕೂತ ಮೇಲೆ ಮಾಡುತ್ತೇನೆ, ನೀವೇ ಹೋಗಿ ಕೂರಿಸಿ ಅಂದರು. ಇದರಲ್ಲಿ ಸುಳ್ಳೇನೂ ಇರಲಿಲ್ಲ. ಮುಂದೆ ಬಂದ ಮಂಡಿನೋವಿನವರಿಗೂ, ಪರೀಕ್ಷೆಯವರಿಗೂ, ಕುಡುಕ ಗಂಡನವರಿಗೂ ಅದೇ ಮಾತು. ಅರ್ಧ ಗಂಟೆಯಲ್ಲಿ ನಲವತ್ತು ಹೆಂಗಸರು ಉಚ್ಚಂಗಮ್ಮನನ್ನು ಮುತ್ತಿಕೊಂಡು, ಕೂತ್ಕೋ ಮಾರಾಯ್ತಿ, ನಮ್ಮದೆಲ್ಲ ನಿನ್ನ ಕೈಲಿದೆ ಅಂತ ಗೋಗರೆದರು. ಸೀರೆ ಒಬ್ಬರೂ ಮುಟ್ಟಲಿಲ್ಲ. ಆಕೆ ಸಾಹುಕಾರರ ಮುಖ ನೋಡಿದಳು. ನಲವತ್ತು ಹೆಂಗಸರೂ ಸಾಹುಕಾರರ ಮುಖ ನೋಡಿದರು.

ರೇಣುಕಾಪ್ರಸಾದರು ಹಣೆಯ ಬೆವರು ಒರೆಸಿಕೊಂಡರು, ವಿಭೂತಿಯೂ ಬಂತು. ಮೆತ್ತೆಯ ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋಗಿ ಕೌಂಟರಿನ ಹಿಂದೆ ಇಟ್ಟು, ಕೂತ್ಕೊಳ್ಳಮ್ಮ ಅಂದರು. ಸೋಮವಾರ ಇನ್ನೂ ಆರು ಸ್ಟೂಲು ಬಂದವು, ಅಂಗಡಿ ಒಂಬತ್ತಕ್ಕೇ ಮುಚ್ಚಿತು. ಅದು ಆಮೇಲಿನ ಮಾತು.

ಉಚ್ಚಂಗಮ್ಮನಿಗೆ ಕೂರುವುದೇ ಮರೆತಂತಿತ್ತು. ಕೌಂಟರು ಹಿಡಿದು ಮೆಲ್ಲಗೆ ಇಳಿದಳು. ಕೂತ ಕೂಡಲೇ ಅಳು ಬಂತು, ಸೆರಗಿನಿಂದ ಒರೆಸಿಕೊಂಡಳು. ಸಾಬರು ಕೊಟ್ಟ ಮಾತಿನಂತೆ ನಲವತ್ತು ಜನರ ಹೆಸರೆತ್ತಿ ದುವಾ ಮುಗಿಸಿದರು. ಜನ ಹೋದ ಮೇಲೆ ಕೌಂಟರಿನ ಹತ್ತಿರ ಹೋಗಿ, ನನ್ನನ್ನು ಕ್ಷಮಿಸಬೇಕು ತಾಯಿ, ನೋಡುವುದು ತಡವಾಯಿತು ಅಂದರು. ಕ್ಷಮಿಸೋಕೇನಿದೆ ಸಾಬ್ರೇ ಅಂತ ಆಕೆ ಹೇಳಿಯಾಳು ಅಂತ ಕಾದರು. ಎಲ್ಲರೂ ಹಾಗೇ ಹೇಳುತ್ತಾರಲ್ಲ.

ಉಚ್ಚಂಗಮ್ಮ ಅವರ ಮುಖವನ್ನು ನೆಟ್ಟಗೆ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಪ್ರತಿ ಗುರುವಾರ ನಿಮ್ಮ ಚಹಾ ತಂದು ಕೊಡ್ತಿದ್ದಿದ್ದು ನಾನೇ, ಸಾಬ್ರೇ."