ಕೊಟ್ಟಿಗೆ ಮೇಲಿನ ಅಟ್ಟ

ನಮ್ಮ ಕಡೆ ಯಾರ ಮನೆಗೆ ಹೋದರೂ ಎಷ್ಟು ದನ ಕಟ್ಟಿದ್ದೀರಿ ಎಂದು ಕೇಳಬಹುದು, ಮಗಳಿಗೆ ಗಂಡು ಗೊತ್ತಾಯಿತೆ ಎಂದು ಕೇಳಬಹುದು. ಅಟ್ಟದ ಮೇಲೆ ಎಷ್ಟು ಕಾಯಿ ಇವೆ ಎಂದು ಮಾತ್ರ ಕೇಳುವಂತಿಲ್ಲ. ಕೇಳಿದರೆ ಉತ್ತರ ಒಂದೇ: ‘ಏನೋ ಒಂದಷ್ಟು ಅವೆ.’ ಬಹಳ ವರ್ಷ ತಾಲ್ಲೂಕು ವರದಿಗಾರನಾಗಿದ್ದ ನನ್ನ ಹಳೆಯ ನೋಟ್‌ಬುಕ್ಕುಗಳಲ್ಲಿ ಈ ಉತ್ತರ ಎಷ್ಟೋ ಕಡೆ ಇದೆ. ಅದರ ಪಕ್ಕದಲ್ಲಿ ಒಂದು ಅಂಕಿಯೂ ಇಲ್ಲ.

ಕಾಯಿ ಅಟ್ಟಕ್ಕೆ ಏರುವುದು ಸಿಪ್ಪೆ ಸಮೇತ. ವರ್ಷದ ಹತ್ತಿರ ಅಲ್ಲೇ ಇದ್ದು, ನೀರು ಇಂಗಿ, ತಿರುಳು ಕರಟ ಬಿಟ್ಟು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆಗ ಸುಲಿದು, ಕರಟ ಒಡೆದು, ಕೊಬ್ಬರಿಯನ್ನು ತಿಪಟೂರು ಮಾರುಕಟ್ಟೆಗೆ ಒಯ್ಯುತ್ತಾರೆ. ಕರಟದೊಳಗಿರುವ ಕೊಬ್ಬರಿ ಒಳ್ಳೆಯ ಬೆಲೆಗಾಗಿ ತಿಂಗಳುಗಟ್ಟಲೆ ಕಾಯಬಲ್ಲದು. ಒಡೆದದ್ದು ಕಾಯಲಾರದು. ಮಳೆಗಾಲದಲ್ಲಂತೂ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಮುಂದೆ ನಡೆದದ್ದೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ಪತ್ರಿಕೆ ಬಿಟ್ಟ ಮೇಲೆ ನಾನು ಸುತ್ತಿನ ಹಳ್ಳಿಗಳ ಬೆಳೆಗಾರರ ಒಂದು ಸಣ್ಣ ಸಂಘದಲ್ಲಿ ಕಾಗದ ಪತ್ರ ನೋಡಿಕೊಳ್ಳುತ್ತಿದ್ದೆ. ಸಂಘಕ್ಕಿದ್ದ ದೊಡ್ಡ ತಲೆನೋವು ಸರದಿಯದು. ಸುಲಿಯುವ ತಂಡಗಳು ಬೆರಳೆಣಿಕೆಯಷ್ಟು, ಟ್ರ್ಯಾಕ್ಟರುಗಳು ಅದಕ್ಕಿಂತ ಕಡಿಮೆ, ಆದರೆ ಎಲ್ಲರೂ ಒಂದೇ ವಾರ ಒಡೆಸಲು ಹೊರಡುತ್ತಿದ್ದರು. ಒಂದು ಮಳೆಗಾಲ ನೊಣವಿನಕೆರೆ ಕಡೆಯ ಮೂರು ಮನೆಗಳ ಕೊಬ್ಬರಿ ಗಾಡಿ ಸಿಗದೆ ಜಗಲಿಯ ಮೇಲೇ ಹಾಳಾಯಿತು. ಅದರಲ್ಲಿ ಒಂದು ನನ್ನ ದೊಡ್ಡಮ್ಮನ ಮನೆ. ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಇಬ್ಬರು ಗಂಡುಮಕ್ಕಳು, ಸೊಸೆಯರು ತುಂಬಿದ ಮನೆ ಅದು.

ಆಗ ನನ್ನ ಗೆಳೆಯನನ್ನು ಸಂಘಕ್ಕೆ ಕರೆತಂದವನು ನಾನು. ಇದನ್ನು ಮೊದಲೇ ದಾಖಲಿಸುವುದು ಒಳ್ಳೆಯದು. ಪ್ರೈಮರಿಯಲ್ಲಿ ಇಬ್ಬರದೂ ಒಂದೇ ಬೆಂಚು. ಅವನೀಗ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಯಾವ ಅಟ್ಟ ಯಾವ ತಿಂಗಳು ತುಂಬಿತು, ಕಾಯಿ ಎಷ್ಟು, ತಂಡ ಎಷ್ಟು, ಗಾಡಿ ಎಷ್ಟು ಎಂಬುದನ್ನೆಲ್ಲ ಸಮೀಕರಣಗಳಲ್ಲಿಟ್ಟು, ಯಾರ ಮನೆಯಲ್ಲಿ ಯಾವ ವಾರ ಒಡೆದರೆ ಕಾಯುವುದು, ಕೆಡುವುದು ಎರಡೂ ಕಡಿಮೆಯಾಗುತ್ತದೆ ಎಂದು ಕಂಪ್ಯೂಟರಿನಿಂದ ಹೇಳಿಸಬಹುದು ಎಂದ. ಸಭೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ.

‘ಮದ್ವೆ ಮನೇಲಿ ಪಂಕ್ತಿ ಹಾಕಲ್ವೇನ್ರೀ?’ ಎಂದು ಅವನು ಬಿಡಿಸಿ ಹೇಳಿದ. ‘ಎಲ್ಲಾರೂ ಒಟ್ಟಿಗೆ ಕೂತ್ರೆ ಜಾಗ ಸಾಲಲ್ಲ. ಯಾರಿಗೆ ಎಷ್ಟು ಹಸಿವು, ಬಡಿಸೋರು ಎಷ್ಟು ಜನ, ಅಷ್ಟು ಹೇಳಿ. ಯಾರು ಯಾವಾಗ ಕೂರ್ಬೇಕು ಅಂತ ಲೆಕ್ಕ ಹೇಳ್ತದೆ.’

‘ಮೇಷ್ಟ್ರೇ, ನಮ್ಮ ಪಂಕ್ತಿ ಬರೋವೊತ್ಗೆ ಪಾಯಸ ಖಾಲಿಯಾಗಿದ್ರೆ?’ ಎಂದು ಹಿಂದಿನಿಂದ ಯಾರೋ ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೊದಲ ಸಲ ಲೆಕ್ಕ ತಲೆಕೆಳಗಾಯಿತು. ಎರಡು ಟ್ರ್ಯಾಕ್ಟರ್ ಕಳಿಸಿದ ಮನೆಯಲ್ಲಿ ಅರ್ಧ ಟ್ರ್ಯಾಕ್ಟರ್ ಕೂಡ ತುಂಬಲಿಲ್ಲ. ದಂಡಿನಶಿವರದ ಕಡೆ ಒಂದು ದಿನಕ್ಕೆಂದು ಹೋದ ತಂಡ ಮೂರು ದಿನ ಅಲ್ಲೇ ಕೂತಿತು. ವಿಚಾರಿಸಿದಾಗ ಕಾರಣ ತಿಳಿಯಿತು. ಹೆಣ್ಣು ಕೊಡುವವರು ಮನೆ ನೋಡಲು ಬರಲಿದ್ದ ಮನೆಯವರು ಕಾಯಿ ಹೆಚ್ಚು ಬರೆಸಿದ್ದರು. ಅಣ್ಣತಮ್ಮಂದಿರಲ್ಲಿ ಪಾಲಾಗಬೇಕಿದ್ದ ಮನೆಯವರು ಕಡಿಮೆ ಬರೆಸಿದ್ದರು.

‘ಸುಳ್ಳು ಹಾಕಿದ್ರೆ ಸುಳ್ಳೇ ಬತ್ತದೆ ಕಣ್ಲಾ,’ ಎಂದ ಗೆಳೆಯ. ‘ನೀನೇ ಹೋಗು. ನಿನಗಾದ್ರೆ ನಿಜ ಹೇಳ್ತಾರೆ.’

ಹೇಳಿದರು. ಅಷ್ಟು ವರ್ಷ ಸುದ್ದಿ ಬರೆದರೂ ಹೇಳಿದವರು ಯಾರೆಂದು ನಾನು ಎಲ್ಲಿಯೂ ಬಾಯಿ ಬಿಟ್ಟವನಲ್ಲ. ಜನ ಅದನ್ನು ನೆನಪಿಟ್ಟಿದ್ದರು.

ದೊಡ್ಡಮ್ಮನ ಮನೆಗೆ ಕೊನೆಗೆ ಹೋದೆ. ಅವಳು ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು.

‘ಏನೋ ಒಂದಷ್ಟು ಅವೆ ಕಣಪ್ಪ.’

‘ಹಂಗಂದ್ರೆ ಲೆಕ್ಕ ಓಡಲ್ಲ ದೊಡ್ಡಮ್ಮ.’

‘ಓಡ್ದಿದ್ರೆ ನಡೀಲಿ ಬುಡು. ಅದಕ್ಕೇನ್ ಅರ್ಜೆಂಟು?’

‘ಜಗಲಿ ಮೇಲೆ ಬೂಷ್ಟು ಹಿಡಿದಿದ್ದು ಮರೆತೋಯ್ತಾ?’

ಅವರೆ ಸುಲಿಯುತ್ತಿದ್ದ ಕೈ ನಿಂತಿತು. ಎದ್ದು ಒಳಗಿನ ಅಟ್ಟ ತೋರಿಸಿದಳು, ಎಣಿಕೆ ಹೇಳಿದಳು. ಆಮೇಲೆ ಹಿತ್ತಲಿಗೆ ಕರೆದೊಯ್ದಳು. ಕೊಟ್ಟಿಗೆಯ ಮೇಲೂ ಒಂದು ಅಟ್ಟ. ಏಣಿ ಹತ್ತಿ ನೋಡಿದರೆ ಬರೀ ಒಣಗಿದ ಸೋಗೆ. ‘ಸರಿಸು,’ ಎಂದಳು. ಸೋಗೆಯ ಕೆಳಗೆ ಗೋಡೆಯಿಂದ ಗೋಡೆಗೆ ಕಾಯಿ.

‘ನಿನ್ನ ದೊಡ್ಡಪ್ಪ ಇದ್ದಾಗಿಂದ ಇದು ನಂದು. ಹುಡುಗ್ರಿಗೂ ಗೊತ್ತಿಲ್ಲ. ಇದೊಂದು ಇರೋದ್ರಿಂದ ನಾನು ಒಂದ್ ಸೀರೆಗೂ ಸೊಸೇರ ಮುಖ ನೋಡ್ದಂಗೆ ಬದುಕಿದೀನಿ. ಪೂರ್ತಿ ಬೇಕು ಅಂದ್ಯಲ್ಲ, ಬರ್ಕೊ. ಯಾರ ಬಾಯಿಗೂ ಬೀಳ್ಬಾರ್ದು.’

‘ಲೆಕ್ಕ ಮಾಡೋನು ಒಬ್ಬ, ನಾನೊಬ್ಬ. ಇನ್ಯಾರಿಗೂ ಗೊತ್ತಾಗಲ್ಲ,’ ಎಂದೆ. ಅವಳ ಹೆಸರಿನ ಕೆಳಗೆ ಎರಡನೆಯ ಸಾಲು ಮಾಡಿ ‘ಕೊಟ್ಟಿಗೆ ಅಟ್ಟ’ ಎಂದು ಬರೆದೆ. ಸಂಜೆ ಹಾಳೆಗಳನ್ನು ಗೆಳೆಯನ ಕೈಗಿಟ್ಟು, ಆ ಸಾಲಿನ ಮೇಲೆ ಬೆರಳಿಟ್ಟು, ಇದು ಯಾರ ಕಿವಿಗೂ ಬೀಳಬಾರದು ಎಂದೆ. ‘ನನಗೆ ಗೊತ್ತಾಗಲ್ವೇನ್ಲಾ? ನಿನ್ನ ದೊಡ್ಡಮ್ಮನ ಕೈಯಲ್ಲಿ ನಾನು ಎಷ್ಟು ಸಲ ಉಂಡಿಲ್ಲ!’ ಎಂದ ಅವನು.

ಎರಡನೆಯ ಸಲ ಲೆಕ್ಕ ಕೂಡಿತು. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ತಂಡಗಳು ಹೇಳಿದ ದಿನ ಬಂದವು, ಗಾಡಿ ಕಾಯಲಿಲ್ಲ, ಯಾರ ಜಗಲಿಯ ಮೇಲೂ ಕೊಬ್ಬರಿ ಕೆಡಲಿಲ್ಲ. ಜನ ಗೆಳೆಯನನ್ನು ಕರೆದು ಊಟ ಹಾಕಿದರು. ಆದರೆ ತಿಂಗಳು ಕಳೆಯುವುದರೊಳಗೆ ಮಾರುಕಟ್ಟೆಯಲ್ಲಿ ಒಂದು ವಿಚಿತ್ರ ಕಾಣತೊಡಗಿತು. ನಮ್ಮ ಹಳ್ಳಿಗಳ ಕೊಬ್ಬರಿ ಬಂದ ದಿನ ಕೊಳ್ಳುವವರು ಮುಂದೆ ಬರುತ್ತಿರಲಿಲ್ಲ. ಕೈಕಟ್ಟಿ ನಿಲ್ಲುತ್ತಿದ್ದರು. ಮೋಡ ನೋಡುತ್ತಿದ್ದರು. ಮಾಲು ವಾಪಸು ಹೋಗಿ ಮತ್ತೆ ಕರಟದೊಳಗೆ ಸೇರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಕಾರಣ ಮೊದಲು ತಿಳಿದದ್ದು ದೊಡ್ಡಮ್ಮನಿಗೆ. ನಾನು ಅಲ್ಲಿರಲಿಲ್ಲ, ಚಿಕ್ಕ ಸೊಸೆ ಹೇಳಿದ್ದನ್ನು ಬರೆಯುತ್ತಿದ್ದೇನೆ. ಬೆಳಗ್ಗೆ ಕೊಬ್ಬರಿ ಕೊಳ್ಳುವ ಸಾಹುಕಾರರ ಕಡೆಯವನೊಬ್ಬ ಬೈಕಿನಲ್ಲಿ ಬಂದ. ಗಂಡುಮಕ್ಕಳಿಬ್ಬರೂ ಅಂಗಳದಲ್ಲಿದ್ದರು. ಅವನು ಮೊಬೈಲ್ ನೋಡಿಕೊಂಡು ಕೇಳಿದ: ‘ಅಮ್ಮಾ, ಒಳಗಿನ ಅಟ್ಟ ಈ ವಾರ ಅಂತ ಐತೆ. ಕೊಟ್ಟಿಗೆ ಮೇಲಿಂದು ಬರೋ ವಾರಾನಾ?’

‘ಕೊಟ್ಟಿಗೆ ಮೇಲೆ ಸೋಗೆ ಅಲ್ವೇನವ್ವಾ?’ ಎಂದನಂತೆ ದೊಡ್ಡ ಮಗ.

ದೊಡ್ಡಮ್ಮ ನನಗೆ ಫೋನು ಮಾಡಿ ಒಂದೇ ಮಾತು ಕೇಳಿದಳು. ‘ಯಾರಿಗೆ ಹೇಳ್ದೆ?’ ಉತ್ತರಕ್ಕೆ ಕಾಯದೆ ಫೋನು ಇಟ್ಟುಬಿಟ್ಟಳು.

ಅಂದೇ ಕಾಲೇಜಿಗೆ ಹೋದೆ. ತರಗತಿ ಮುಗಿಸಿ ಬಂದ ಗೆಳೆಯನ ಅಂಗಿಯ ತೋಳಿನಲ್ಲಿ ಸೀಮೆಸುಣ್ಣದ ಪುಡಿ ಇತ್ತು. ಪಟ್ಟಿ ಸಾಹುಕಾರರಿಗೆ ಕೊಟ್ಟೆಯಾ ಎಂದಾಗ ಅವನು ಇಲ್ಲ ಎನ್ನಲಿಲ್ಲ.

‘ಕೊಳ್ಳೋರಿಗೂ ಮುಂಚೆ ಗೊತ್ತಿದ್ರೆ ಲಾರಿ ಸರಿಯಾಗಿ ಬತ್ತವೆ ಕಣ್ಲಾ. ಇಡೀ ಸರಪಳಿಗೆ ಒಳ್ಳೇದು. ಮೊದಲು ಊರುವಾರು ಕೊಟ್ಟೆ. ಆಮೇಲೆ ಮನೆವಾರು ಕೇಳಿದ್ರು.’

‘ನೀನು ಕೊಟ್ಟೆ.’

‘ಕೊಟ್ಟೆ. ಕಾಲೇಜಿಂದ ರಿಟೈರಾದ ಮೇಲೆ ಅವರ ಹತ್ರ ಕೆಲಸ ಐತೆ ಅಂದವ್ರೆ.’

‘ಯಾವ ವಾರ ಒಡೀತೀವಿ ಅಂತ ಗೊತ್ತಾದ್ರೆ ಅವರು ಬೆಲೆ ಬೀಳೋವರ್ಗೂ ಸುಮ್ನೆ ಕಾಯ್ತಾರೆ. ನಾವು ಕಾಯೋಕಾಗಲ್ಲ. ಇದು ನಿನ್ನ ಲೆಕ್ಕದಲ್ಲಿರಲಿಲ್ವಾ?’

‘ಅದನ್ನ ಹಾಕು ಅಂತ ನೀವ್ಯಾರೂ ಹೇಳ್ಲಿಲ್ಲ.’

‘ಕೊಟ್ಟಿಗೆ ಅಟ್ಟ ತೆಗೀಬೇಕು ಅನ್ನಿಸ್ಲಿಲ್ವೇನ್ಲಾ?’

ಅವನು ತೋಳಿನ ಪುಡಿ ಒರೆಸಿಕೊಂಡ. ‘ಒಂದು ಸಾಲು ತೆಗೆದ್ರೆ ಮೊತ್ತ ತಪ್ಪಾಗ್ತಿತ್ತು,’ ಎಂದ.

ಸಂಘ ಲೆಕ್ಕವನ್ನು ಕೈಬಿಟ್ಟಿತು. ನಾನು ಮನೆಮನೆಗೆ ಹೋಗಿ, ನೀವು ಕೊಟ್ಟ ಎಣಿಕೆ ಹೊರಗೆ ಹೋಗಿದೆ, ಒಯ್ದು ಕೊಟ್ಟವನು ನಾನು ಎಂದು ಹೇಳಿದೆ. ಕೆಲವರು ಬೈದರು. ಹೆಚ್ಚಿನವರು ಕಾಫಿ ಕೊಟ್ಟು ಮಾತು ಬದಲಿಸಿದರು. ದೊಡ್ಡಮ್ಮನ ಮಕ್ಕಳು ಕೊಟ್ಟಿಗೆ ಅಟ್ಟದ ಕಾಯಿಯನ್ನು ಇಳಿಸಿ ಮನೆಯ ರಾಶಿಗೆ ಸೇರಿಸಿದರು. ಜಗಳವಾಗಲಿಲ್ಲವಂತೆ. ದೊಡ್ಡಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಕೊನೆಯ ಕಾಯಿ ಇಳಿಯುವವರೆಗೂ ನೋಡಿದಳಂತೆ.

ಮುಂದಿನ ಅವರೆ ಕಾಲದಲ್ಲಿ ಅವಳನ್ನು ನೋಡಲು ಹೋದೆ. ಅದೇ ಪಡಸಾಲೆ, ಅದೇ ಮೊರ. ನನ್ನ ಹೆಂಡತಿಯ ಮಂಡಿನೋವು ವಿಚಾರಿಸಿದಳು. ಸೊಸೆಯನ್ನು ಕರೆದು ಕಾಫಿ ಕೊಡಿಸಿದಳು. ಹಿತ್ತಲಿನ ಬಾಗಿಲು ತೆರೆದಿತ್ತು. ಕೊಟ್ಟಿಗೆಗೆ ಒರಗಿಸಿರುತ್ತಿದ್ದ ಏಣಿ ಅಲ್ಲಿರಲಿಲ್ಲ. ಮಾತಿಲ್ಲದೆ ಕೂರಲಾಗದೆ, ‘ಈ ಸಲ ಅಟ್ಟ ತುಂಬ್ತಾ ದೊಡ್ಡಮ್ಮ?’ ಎಂದುಬಿಟ್ಟೆ.

ಅವಳು ಸುಲಿಯುತ್ತಿದ್ದ ಅವರೆಕಾಯಿಯಿಂದ ಕಣ್ಣೆತ್ತಲಿಲ್ಲ.

‘ಏನೋ ಒಂದಷ್ಟು ಅವೆ ಕಣಪ್ಪ,’ ಎಂದಳು. ಈ ಸಲ ಕೈ ನಿಲ್ಲಲಿಲ್ಲ.